ವ್ಯಾಧಿಯೊಡನೆ ಬಾಳುವವರ ರಾತ್ರಿ

ಕೆಸರೆಯ ನಮ್ಮ ಚಿಕಿತ್ಸಾಲಯಕ್ಕೆ ನಿದ್ರೆ ಬರುವುದಿಲ್ಲವೆಂದು ಹೇಳಿಕೊಂಡು ಬರುವವರಲ್ಲಿ ಎರಡು ಬಗೆಯವರಿದ್ದಾರೆ. ಮೊದಲನೆಯವರು ಮೈಯಲ್ಲಿ ದೊಡ್ಡ ರೋಗವಿಲ್ಲದವರು. ಸಾಲದ ಚಿಂತೆ, ಮಕ್ಕಳ ಮದುವೆಯ ಚಿಂತೆ, ಇತ್ತೀಚೆಗೆ ನಡುರಾತ್ರಿಯವರೆಗೂ ಕೈಬಿಡದ ಮೊಬೈಲು ಅವರ ನಿದ್ರೆಯನ್ನು ಕಸಿದಿರುತ್ತವೆ. ಎರಡನೆಯವರು ಕ್ಯಾನ್ಸರ್, ಹೃದಯದ ದೌರ್ಬಲ್ಯ, ಮೂತ್ರಪಿಂಡದ ವೈಫಲ್ಯ, ಶ್ವಾಸಕೋಶದ ಹಳೆಯ ವ್ಯಾಧಿ ಮೊದಲಾದವುಗಳೊಡನೆ ವರ್ಷಗಳಿಂದ ಬಾಳುತ್ತಿರುವವರು. ಕೆ.ಆರ್. ಆಸ್ಪತ್ರೆಯದೋ ಜಯದೇವದ್ದೋ ಮತ್ತೊಂದರದೋ ದಪ್ಪನೆಯ ಕಡತವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು, ಮಗನ ದ್ವಿಚಕ್ರ ವಾಹನದ ಹಿಂದೆ ಕುಳಿತು ಬರುತ್ತಾರೆ. "ರೋಗಕ್ಕೆ ಅಲ್ಲಿ ಔಷಧಿ ನಡೀತಾ ಇದೆ ಡಾಕ್ಟ್ರೇ, ನೀವು ನಿದ್ದೆಗೊಂದು ಕಷಾಯ ಕೊಟ್ಟುಬಿಡಿ ಸಾಕು" ಎಂಬುದು ಅವರ ಬೇಡಿಕೆ. ಈ ಲೇಖನವು ಎರಡನೆಯ ಬಗೆಯವರಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಸಂಬಂಧಿಸಿದ್ದು.

ಕಷಾಯ ಕೊಡುವುದು ಸುಲಭ. ಆದರೆ ನಾವು ಮೊದಲು ಕೇಳುವ ಪ್ರಶ್ನೆ ಬೇರೆಯದು: ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಎಬ್ಬಿಸುವುದು ಯಾವುದು? ಬಹಳ ಮಂದಿ ಈ ಪ್ರಶ್ನೆಗೆ ಉತ್ತರ ಹೇಳಲಾರರು. "ಒಟ್ಟಿನಲ್ಲಿ ನಿದ್ದೆಯಿಲ್ಲ" ಎನ್ನುತ್ತಾರೆ. ಆಗ ಒಂದು ಸಣ್ಣ ಪುಸ್ತಕವನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಏಳು ದಿನ ಬರೆದು ತನ್ನಿರೆಂದು ಕಳುಹಿಸುತ್ತೇವೆ. ಮಲಗಿದ ಹೊತ್ತು, ಎಚ್ಚರವಾದ ಹೊತ್ತು, ಎದ್ದಾಗ ಮೈಯಲ್ಲಿದ್ದ ತೊಂದರೆ, ಆ ದಿನ ಯಾವ ಮಾತ್ರೆಯನ್ನು ಎಷ್ಟು ಗಂಟೆಗೆ ನುಂಗಿದಿರಿ, ಕಾಫಿ ಎಷ್ಟು ಸಲ, ಇಷ್ಟೇ. ಬರೆಯಲಾಗದವರಿಗೆ ಸೊಸೆಯೋ ಮೊಮ್ಮಗನೋ ಬರೆದುಕೊಡಬಹುದು. ಏಳು ದಿನದ ಆ ಪುಸ್ತಕ ಹೇಳುವಷ್ಟನ್ನು ನಾಡಿಯೂ ಹೇಳದ ಸಂದರ್ಭಗಳುಂಟು.

ಆಯುರ್ವೇದವು ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು ಕರೆದಿದೆ. ಚರಕ ಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ನಿದ್ರಾನಾಶದ ಕಾರಣಗಳನ್ನು ಎಣಿಸುವಾಗ ಕಾರ್ಯ, ಕಾಲ, ಪ್ರಕೃತಿ, ವಾಯುಗಳ ಜೊತೆಗೆ ವಿಕಾರವನ್ನೂ, ಎಂದರೆ ರೋಗವನ್ನೂ, ಸೇರಿಸಲಾಗಿದೆ. ರೋಗಿಯ ನಿದ್ರಾನಾಶವು ರೋಗದಿಂದ ಬೇರೆಯಾಗಿ ನಿಲ್ಲುವ ಇನ್ನೊಂದು ರೋಗವಲ್ಲವೆಂಬ ತಿಳಿವಳಿಕೆ ಅಷ್ಟು ಹಳೆಯದು. ಹೀಗಿರುವಾಗ ಎಬ್ಬಿಸುತ್ತಿರುವುದು ಏನೆಂದು ನೋಡದೆ ನಿದ್ರೆಯನ್ನು ಮಾತ್ರ ತರಿಸಲು ಹೊರಡುವುದು ಮನೆಯಲ್ಲಿ ಹೊಗೆ ಕಂಡಾಗ ಕಿಟಕಿ ಮುಚ್ಚಿದಂತೆ.

ಹೃದಯ ದುರ್ಬಲವಾದವರ ವಿಷಯವನ್ನೇ ತೆಗೆದುಕೊಳ್ಳೋಣ. ಇವರು ಮಲಗಿ ಒಂದೆರಡು ಗಂಟೆಯಲ್ಲಿ ಉಸಿರು ಕಟ್ಟಿದಂತಾಗಿ ಎದ್ದು ಕೂರುತ್ತಾರೆ. ಕಿಟಕಿಯ ಬಳಿ ಹೋಗಿ ನಿಂತರೆ ಸ್ವಲ್ಪ ಹಾಯೆನಿಸುತ್ತದೆ. ಒಂದು ದಿಂಬು ಸಾಕಾಗುತ್ತಿದ್ದವರಿಗೆ ಎರಡು, ಮೂರು ಬೇಕಾಗುತ್ತವೆ. ಮನೆಯವರು ಇದನ್ನು ಗ್ಯಾಸ್ ಎಂದುಕೊಂಡು ಜೀರಿಗೆ ನೀರು ಕೊಡುತ್ತಾರೆ. ಚಪ್ಪಟೆಯಾಗಿ ಮಲಗಿದಾಗ ಕಾಲುಗಳಲ್ಲಿ ಇಳಿದಿದ್ದ ನೀರು ರಕ್ತಕ್ಕೆ ಮರಳಿ, ದುರ್ಬಲ ಹೃದಯವು ಅದನ್ನು ತಳ್ಳಲಾರದೆ ಶ್ವಾಸಕೋಶದಲ್ಲಿ ತುಂಬಿಕೊಳ್ಳುವುದೇ ಇದರ ಕಾರಣ. ಇದಕ್ಕೆ ನಿದ್ರೆಯ ಮದ್ದು ಯಾವ ಪದ್ಧತಿಯಲ್ಲಿಯೂ ಇಲ್ಲ. ದಿಂಬಿನ ಸಂಖ್ಯೆ ಹೆಚ್ಚಿದರೆ, ಎರಡು ಮೂರು ದಿನದಲ್ಲಿ ತೂಕ ಏರಿ ಕಾಲು ಊದಿಕೊಂಡರೆ, ಹೃದ್ರೋಗ ವೈದ್ಯರನ್ನು ಮುಂದಿನ ಭೇಟಿಯ ದಿನದವರೆಗೆ ಕಾಯದೆ ಕಾಣಬೇಕು. ಉಸಿರು ಎದ್ದು ಕೂತರೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಬೇಕು.

ಇನ್ನು ಕೆಲವರ ಪುಸ್ತಕದಲ್ಲಿ ಕಾಣುವುದು ಔಷಧದ ಹೊತ್ತಿನ ತೊಡಕು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ರಾತ್ರಿ ಊಟದ ಜೊತೆ ನುಂಗಿ, ರಾತ್ರಿಯಿಡೀ ಬಚ್ಚಲಿಗೆ ನಡೆಯುವವರನ್ನು ನಾವು ಎಷ್ಟೋ ಮಂದಿ ಕಂಡಿದ್ದೇವೆ. ಕಿಮೋಥೆರಪಿಯ ಜೊತೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳನ್ನು ಸಂಜೆಯ ಮೇಲೆ ತೆಗೆದುಕೊಂಡರೆ ಕಣ್ಣು ರೆಪ್ಪೆ ಕೂಡುವುದಿಲ್ಲ. ಸಾಮಾನ್ಯವಾಗಿ ಇವೆರಡನ್ನೂ ಬೆಳಗಿನ ಹೊತ್ತು, ಎರಡನೆಯ ಸರದಿ ಇದ್ದರೆ ಮಧ್ಯಾಹ್ನದೊಳಗೆ ಕೊಡುವ ವಾಡಿಕೆ. ತಾವಾಗಿ ಹೊತ್ತು ಬದಲಿಸದೆ, ಬರೆದುಕೊಟ್ಟ ವೈದ್ಯರನ್ನೇ "ಇದನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ" ಎಂದು ಕೇಳಿದರೆ ಆಯಿತು. ಒಂದು ಪ್ರಶ್ನೆಯಿಂದ ಸರಿಹೋಗುವ ರಾತ್ರಿಗಳು ಇವು. ಅದನ್ನು ಕೇಳಲು ದೊಡ್ಡ ಆಸ್ಪತ್ರೆಯಲ್ಲಿ ನಮ್ಮ ಜನ ಅಂಜುತ್ತಾರೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿರಿ.

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಹೇಳುವ ಸಂಕಟ ವಿಚಿತ್ರವಾದದ್ದು. ಮಲಗಿದ ಕೂಡಲೇ ಕಾಲಿನೊಳಗೆ ಏನೋ ಹರಿದಾಡಿದಂತೆ, ಸೆಳೆದಂತೆ ಆಗಿ, ಕಾಲಾಡಿಸದೆ ಇರಲಾಗುವುದಿಲ್ಲ. ಎದ್ದು ನಡೆದರೆ ತಗ್ಗುತ್ತದೆ, ಮಲಗಿದರೆ ಮತ್ತೆ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೂ ಚಿಕಿತ್ಸೆಯೂ ಇವೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದರೆ ಇದು ಉಲ್ಬಣಿಸುತ್ತದೆ. ಚರ್ಮದ ತುರಿಕೆಯೂ ಇವರನ್ನು ಕಾಡುತ್ತದೆ. ಎರಡನ್ನೂ "ಹೇಳಿದರೆ ನಕ್ಕಾರು" ಎಂದು ಮುಚ್ಚಿಡುತ್ತಾರೆ. ನಗುವವರು ಯಾರೂ ಇಲ್ಲ. ಹೇಳದಿದ್ದರೆ ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಯಕೃತ್ತು ಗಟ್ಟಿಯಾದವರ ವಿಷಯದಲ್ಲಿ ಮನೆಯವರು ಮೈಯೆಲ್ಲ ಕಣ್ಣಾಗಿರಬೇಕು. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ ಎಂಬ ತಿರುವುಮುರುವು ಇವರಲ್ಲಿ ಮೆದುಳಿಗೆ ವಿಷ ಏರುತ್ತಿರುವುದರ ಮೊದಲ ಲಕ್ಷಣವಾಗಿರಬಹುದು. ನಿದ್ರೆಯ ಮಾತ್ರೆ ಕೊಟ್ಟರೆ ಪ್ರಜ್ಞೆಯೇ ತಪ್ಪೀತು. ಶ್ವಾಸಕೋಶದ ಹಳೆಯ ರೋಗವಿರುವವರಲ್ಲಿಯೂ ಕೆಲವು ನಿದ್ರಾ ಮಾತ್ರೆಗಳು ಉಸಿರಾಟವನ್ನೇ ಮಂದಗೊಳಿಸುತ್ತವೆ. ಹಾಗೆಯೇ, ವಯಸ್ಸಾದ ರೋಗಿ ಹಠಾತ್ತನೆ ಒಂದು ರಾತ್ರಿ ಮನೆಯವರನ್ನು ಗುರುತಿಸದೆ, ಇಲ್ಲದವರೊಡನೆ ಮಾತಾಡತೊಡಗಿದರೆ ಅದನ್ನು ಅರಳುಮರಳೆಂದು ಬಿಡಬಾರದು. ಸೋಂಕು, ನೀರಿನ ಕೊರತೆ, ಸೋಡಿಯಂ ಇಳಿಕೆ, ಹೊಸ ಔಷಧ, ಮೂತ್ರ ಕಟ್ಟಿರುವುದು ಇವುಗಳಲ್ಲೊಂದು ಕಾರಣವಾಗಿರುವುದೇ ಹೆಚ್ಚು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನೋವಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಕ್ಯಾನ್ಸರಿನ ನೋವಿಗೆ ಬಾಯಿಯ ಮೂಲಕ ಕೊಡುವ ಔಷಧಗಳನ್ನು ನೋವು ಬಂದಾಗಲಲ್ಲ, ಗಡಿಯಾರ ನೋಡಿ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಹೇಳಿತು. ನಮ್ಮಲ್ಲಿ ಇಂದಿಗೂ "ತಡೆಯುವಷ್ಟು ತಡೆದು ಆಮೇಲೆ ನುಂಗೋಣ" ಎನ್ನುವವರೇ ಹೆಚ್ಚು. ತಡೆದು ತಡೆದು ನಡುರಾತ್ರಿಗೆ ನೋವು ಶಿಖರಕ್ಕೇರಿದ ಮೇಲೆ ನುಂಗಿದ ಮಾತ್ರೆ ಅದನ್ನು ಇಳಿಸಲು ಹೆಣಗುತ್ತದೆ, ಅಷ್ಟರಲ್ಲಿ ಬೆಳಗಾಗುತ್ತದೆ. ಮಾರ್ಫಿನ್ ಎಂದೊಡನೆ ಮನೆಯವರು ಹೆದರುವುದನ್ನೂ ಕಂಡಿದ್ದೇವೆ. ನೋವಿಗೆಂದು ತಜ್ಞರು ಅಳತೆಮಾಡಿ ಕೊಡುವ ಮಾರ್ಫಿನ್ ರೋಗಿಯನ್ನು ಚಟಗಾರನನ್ನಾಗಿ ಮಾಡುವುದು ಅಪರೂಪ. 2014ರಲ್ಲಿ ಮಾದಕ ದ್ರವ್ಯಗಳ ಕಾಯಿದೆಗೆ ತಿದ್ದುಪಡಿಯಾದದ್ದೇ ಇಂತಹ ರೋಗಿಗಳಿಗೆ ಈ ಔಷಧ ಸುಲಭವಾಗಿ ದೊರೆಯಲೆಂದು. ನಮ್ಮ ಮನೆಗಳ ಹಬ್ಬದ ಗಸಗಸೆ ಪಾಯಸದ ಗಸಗಸೆಯೂ ಮಾರ್ಫಿನ್ನೂ ಒಂದೇ ಗಿಡದವು. ಪಾಯಸ ಕುಡಿದು ಮಧ್ಯಾಹ್ನ ಚಾಪೆ ಹುಡುಕುವವರು ಮಾರ್ಫಿನ್ ಎಂಬ ಹೆಸರಿಗೆ ಬೆಚ್ಚುವುದು ನಮಗೆ ಸೋಜಿಗ! (ಬೀಜದಲ್ಲಿರುವುದು ಕೇವಲ ಲೇಶ, ಪಾಯಸದ ಮಂಪರಿಗೆ ಹಾಲು, ಬೆಲ್ಲ, ಭರ್ಜರಿ ಊಟಗಳ ಪಾಲೇ ಹೆಚ್ಚು.) ಮಾರ್ಫಿನ್ ಮಲಬದ್ಧತೆಯನ್ನು ತಂದೇ ತರುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧ ಕೇಳಿ ಪಡೆಯಬೇಕು. ಉಪಶಾಮಕ ಚಿಕಿತ್ಸೆ ಎಂಬ ವೈದ್ಯವಿಭಾಗವೇ ಇಂದು ಬೆಳೆದಿದೆ. ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತವೆ. ನಿಮ್ಮ ಆಸ್ಪತ್ರೆಯಲ್ಲಿ ಆ ವಿಭಾಗವಿದೆಯೇ ಎಂದು ವಿಚಾರಿಸುವುದೆಂದರೆ ಆಸೆ ಬಿಟ್ಟಂತಲ್ಲ.

ಇಷ್ಟೆಲ್ಲ ಆದ ಮೇಲೆ ನಮ್ಮ ಪದ್ಧತಿಯ ಮಾತು. "ಆಯುರ್ವೇದ ಔಷಧದಿಂದ ತೊಂದರೆಯೇನೂ ಇಲ್ಲ" ಎಂಬ ನಂಬಿಕೆಯನ್ನು ಆಯುರ್ವೇದ ವೈದ್ಯರಾಗಿಯೇ ನಾವು ತಿದ್ದಬೇಕಾಗಿದೆ. ಅಶ್ವಗಂಧವು ನಿದ್ರೆಗೆ ಸಹಾಯಕವೆಂಬುದು ನಿಜ. ಆದರೆ ನಿದ್ರಾ ಮಾತ್ರೆಗಳ ಮಂಪರನ್ನು ಅದು ಹೆಚ್ಚಿಸಬಲ್ಲದು, ಥೈರಾಯ್ಡ್ ಪ್ರಮಾಣವನ್ನು ಏರಿಸಬಲ್ಲದು, ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರು ಅದರ ಗೊಡವೆಗೆ ಹೋಗಬಾರದು. ಜ್ಯೇಷ್ಠಮಧುವು ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಹೃದ್ರೋಗಿಗಳಿಗೆ ಅದು ಸಲ್ಲದು. ಸರ್ಪಗಂಧವನ್ನು ನಮ್ಮ ಹಿರಿಯರು ನಿದ್ರಾನಾಶಕ್ಕೂ ಉನ್ಮಾದಕ್ಕೂ ಬಳಸುತ್ತಿದ್ದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದ ಮೇಲೆ ಜಗತ್ತೇ ಅದನ್ನು ರಕ್ತದೊತ್ತಡಕ್ಕೆ ಬಳಸಿತು. ಮನಸ್ಸು ಕುಗ್ಗಿಸುವ ಅದರ ಗುಣವೂ ಆಗ ಬೆಳಕಿಗೆ ಬಂದಿತು. ಅಂಗಡಿಯಿಂದ ಪುಡಿ ತಂದು ಹಾಲಿಗೆ ಕಲಸುವ ವಸ್ತುವಲ್ಲ ಅದು. ಲೋಹಗಳಿರುವ ರಸೌಷಧಗಳಂತೂ ಮೂತ್ರಪಿಂಡ ಸೋತವರಿಗೆ ಬೇಡವೇ ಬೇಡ. ಏನನ್ನೇ ಸೇವಿಸಿದರೂ ಎರಡೂ ಕಡೆಯ ವೈದ್ಯರಿಗೆ ತಿಳಿಸಿರಿ. ನಮ್ಮಲ್ಲಿ ತೆಗೆದುಕೊಂಡದ್ದನ್ನು ಅಲ್ಲಿ ಮರೆಮಾಚುವುದು ನಮಗೆ ತೋರುವ ಗೌರವವಲ್ಲ.

ಹಾಗಾದರೆ ಆಯುರ್ವೇದದಿಂದ ಕೊಡುವುದೇನು? ಚರಕಾಚಾರ್ಯರು ನಿದ್ರೆಗೆ ಹೇಳಿದ ಉಪಾಯಗಳಲ್ಲಿ ಗುಳಿಗೆಗಿಂತ ಹೆಚ್ಚಾಗಿ ಕಾಣುವುದು ಅಭ್ಯಂಗ, ಸ್ನಾನ, ಮೃದುವಾಗಿ ಮೈ ಒತ್ತುವುದು, ಹಾಲು, ತುಪ್ಪ, ಅಕ್ಕಿಯ ಅನ್ನ, ಮನಸ್ಸಿಗೊಪ್ಪುವ ಗಂಧ ಮತ್ತು ಶಬ್ದ, ಹಿತವಾದ ಹಾಸಿಗೆ ಮತ್ತು ಮನೆ. ಇವುಗಳಲ್ಲಿ ನಮ್ಮ ಅನುಭವಕ್ಕೆ ಹೆಚ್ಚು ಬಂದದ್ದು ಪಾದಾಭ್ಯಂಗ. ಮಲಗುವ ಅರ್ಧ ಗಂಟೆ ಮೊದಲು ಬೆಚ್ಚಗಿನ ಎಳ್ಳೆಣ್ಣೆಯನ್ನು ಅಂಗಾಲಿಗೆ ಹತ್ತು ನಿಮಿಷ ಸವರಿ, ಒರೆಸಿ, ಹತ್ತಿಯ ಬಟ್ಟೆ ಸುತ್ತುವುದು. ಮಧುಮೇಹದಿಂದ ಪಾದ ಜೋಮು ಹಿಡಿದವರಿಗೆ ಎಣ್ಣೆಯ ಬಿಸಿ ತಿಳಿಯದು. ಸವರುವವರು ತಮ್ಮ ಮುಂಗೈ ಮೇಲೆ ಹಾಕಿಕೊಂಡು ನೋಡಬೇಕು. ಒಂದೇ ಕಾಲು ಊದಿ ನೋಯುತ್ತಿದ್ದರೆ ಮುಟ್ಟಬಾರದು, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಕಿಮೋಥೆರಪಿಯಿಂದ ಪ್ಲೇಟ್‌ಲೆಟ್ ಇಳಿದವರಿಗೆ ಒತ್ತಿ ತಿಕ್ಕಬಾರದು. ವಿಕಿರಣ ಚಿಕಿತ್ಸೆಯಾದ ಚರ್ಮಕ್ಕೆ ಕೇಳದೆ ಎಣ್ಣೆ ಹಚ್ಚಬಾರದು. ಎಣ್ಣೆಗಿಂತ ಸವರುವ ಕೈಯೇ ಹೆಚ್ಚು ಕೆಲಸ ಮಾಡುತ್ತದೆಯೋ ಏನೋ. ವಾರಗಟ್ಟಲೆ ಸೂಜಿ ಚುಚ್ಚುವ ಕೈಗಳನ್ನಷ್ಟೇ ಕಂಡ ಮೈ ಅದು.

ಎಮ್ಮೆಯ ಹಾಲು ನಿದ್ರೆಯಿಲ್ಲದವರಿಗೆ ಹಿತವೆಂದು ಚರಕವು ಹೇಳುತ್ತದೆ. ಜೀರ್ಣಶಕ್ತಿ ಇದ್ದವರಿಗೆ ಅರ್ಧ ಲೋಟ ಸಾಕು. ಹೃದಯ, ಮೂತ್ರಪಿಂಡದ ರೋಗಿಗಳಿಗೆ ದಿನದ ನೀರಿನ ಲೆಕ್ಕ ಹಾಕಿಕೊಟ್ಟಿರುತ್ತಾರೆ. ಆ ಹಾಲು ಲೆಕ್ಕದೊಳಗೇ ಇರಬೇಕು. ಕಾಫಿಯ ಶಕ್ತಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಮೈಸೂರಿನವರಿಗೆ ಫಿಲ್ಟರ್ ಕಾಫಿ ಬಿಡಿರೆಂದು ಹೇಳುವಷ್ಟು ನಿಷ್ಠುರರು ನಾವಲ್ಲ. ಮಧ್ಯಾಹ್ನ ಎರಡರ ಮೇಲೆ ಬೇಡವೆನ್ನುತ್ತೇವೆ.

ಹಗಲು ನಿದ್ರೆಯ ವಿಷಯದಲ್ಲಿ ನಮ್ಮ ಭಕ್ತ ಕುಟುಂಬಗಳಲ್ಲಿ ಒಂದು ಬಿಗಿಯಿದೆ. ಕಾಯಕ ನಂಬಿದವರು ಹಗಲು ಮಲಗುವುದೆಂತು ಎಂಬ ಸಂಕೋಚದಿಂದ, ಕಿಮೋಥೆರಪಿ ಮುಗಿಸಿ ಬಂದ ಮರುದಿನವೂ ಗೋಡೆಗೊರಗಿ ಕೂತೇ ಇರುವವರನ್ನು ಕಂಡಿದ್ದೇವೆ. ದಿವಾನಿದ್ರೆಯನ್ನು ನಿಷೇಧಿಸುವ ಅದೇ ಚರಕವು ವೃದ್ಧರಿಗೆ, ಬಾಲರಿಗೆ, ಕೃಶರಾದವರಿಗೆ, ಗಾಯಗೊಂಡವರಿಗೆ, ಶ್ವಾಸ ಮತ್ತು ಶೂಲೆಯಿಂದ ಬಳಲುವವರಿಗೆ ಅದನ್ನು ಅನುಮತಿಸಿದೆ. ರಾತ್ರಿ ಎಚ್ಚರವಿದ್ದವರು ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಬೆಳಿಗ್ಗೆ ಉಣ್ಣುವ ಮೊದಲು ಮಲಗಬಹುದೆಂದು ವಾಗ್ಭಟರು ಅಳತೆಯನ್ನೂ ಕೊಟ್ಟಿದ್ದಾರೆ. ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಉಪಾಹಾರದ ಹೊತ್ತು ಮೀರಿಸಬಾರದು. ನಮ್ಮೂರಿನ ಕೆ.ಆರ್.ಎಸ್. ರಸ್ತೆಯ ಕ್ಷಯರೋಗ ಆಸ್ಪತ್ರೆಯನ್ನು ನೋಡಿದವರಿಗೆ ತಿಳಿದಿರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಅದು ಸ್ಥಾಪನೆಯಾಯಿತು. 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಪತ್ತೆಯಾಗುವ ಮುನ್ನ ಕ್ಷಯಕ್ಕೆ ಜಗತ್ತಿನಲ್ಲೆಲ್ಲ ಇದ್ದ ಚಿಕಿತ್ಸೆ ವಿಶ್ರಾಂತಿ, ಗಾಳಿ, ಆಹಾರ ಇವೇ. ಮಲಗುವುದೇ ಚಿಕಿತ್ಸೆಯಾಗಿದ್ದ ಕಾಲವಿತ್ತು. ಆಗ ರೋಗಿಯನ್ನು ಸೋಮಾರಿ ಎಂದವರಿಲ್ಲ.

ಆದರೆ ದೀಪ ಹಚ್ಚುವ ಹೊತ್ತಿಗೆ ಮಲಗಬಾರದೆಂದು ಅಜ್ಜಿಯರು ಗದರುತ್ತಿದ್ದರಲ್ಲ, ಅದನ್ನು ರೋಗಿಗಳೂ ಪಾಲಿಸಬೇಕು. ಸಂಜೆಯ ತೂಕಡಿಕೆ ರಾತ್ರಿಯ ನಿದ್ರೆಯನ್ನು ತಿಂದುಹಾಕುತ್ತದೆ. ಬೆಳಗಿನ ಬಿಸಿಲೂ ಅಷ್ಟೇ ಮುಖ್ಯ. ಮೆದುಳಿನೊಳಗಿನ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಹಳೆಯ ಕೆಸರೆಯ ಮನೆಗಳಿಗೆ ಜಗಲಿಯಿತ್ತು, ಕಾಯಿಲೆಯವರು ಅಲ್ಲಿ ಕೂತು ಹೋಗಿ ಬರುವವರನ್ನು ಮಾತಾಡಿಸುತ್ತಿದ್ದರು. ಈಗಿನ ಇಪ್ಪತ್ತು-ಮೂವತ್ತರ ನಿವೇಶನದ ಮನೆಯಲ್ಲಿ ರೋಗಿಗೆ ಒಳಗಿನ ಕತ್ತಲೆಯ ಕೋಣೆ, ಇಲ್ಲವೇ ರಾತ್ರಿ ಹನ್ನೊಂದರವರೆಗೆ ಟಿ.ವಿ. ಓಡುವ ನಡುಮನೆ. ಹಗಲು ಬೆಳಕಿಲ್ಲ, ರಾತ್ರಿ ಕತ್ತಲೆಯಿಲ್ಲ! ತಾರಸಿಗೋ ಬಾಗಿಲ ಮುಂದಿಗೋ ಒಂದು ಕುರ್ಚಿ ಹಾಕಿ ಬೆಳಿಗ್ಗೆ ಅರ್ಧ ಗಂಟೆ ಕೂರಿಸಿರಿ. ರಾತ್ರಿ ಒಂಬತ್ತಕ್ಕೆ ಟಿ.ವಿ. ಆರಿಸಿರಿ. ಸೊಳ್ಳೆ ಪರದೆ ಕಟ್ಟಿರಿ. ನಮ್ಮ ಊರಿನ ಹೆಸರು ಕೇಳಿದವರಿಗೆ ಸೊಳ್ಳೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಪೂಜೆಯ ಪ್ರಶ್ನೆ. ಬೆಳಗಿನ ಜಾವ ಎದ್ದು ಮಿಂದು ಇಷ್ಟಲಿಂಗ ಪೂಜೆ ಮಾಡುವ ನೇಮವುಳ್ಳವರು, ರಾತ್ರಿ ಎರಡಕ್ಕೆ ಕಣ್ಣು ಮುಚ್ಚಿದ್ದರೂ ನಾಲ್ಕಕ್ಕೆ ಏಳಲು ಹೆಣಗುತ್ತಾರೆ. ಮೀಯಲಾಗದ ದಿನ ಲಿಂಗ ಮುಟ್ಟಲು ಅಂಜುತ್ತಾರೆ. ಧರ್ಮದ ನಿರ್ಣಯ ಹೇಳುವುದು ಪೂಜ್ಯರ ಅಧಿಕಾರ, ನಮ್ಮದಲ್ಲ. ಆದರೂ ಪಂಚಸೂತಕಗಳನ್ನೇ ನಿರಾಕರಿಸಿದ ಶರಣರ ಹಾದಿಯಲ್ಲಿ ರೋಗಿಯ ಮೀಯದ ಮೈಗೆ ಮೈಲಿಗೆ ಎಲ್ಲಿಂದ ಬರಬೇಕು? ಹಾಸಿಗೆಯ ಮೇಲೆ ದಿಂಬಿಗೊರಗಿ, ಒದ್ದೆ ಬಟ್ಟೆಯಲ್ಲಿ ಕೈ ಮುಖ ಒರೆಸಿಕೊಂಡು, ಎಂಟು ಗಂಟೆಗೆ ಮಾಡಿದ ಪೂಜೆಯನ್ನು ವೈದ್ಯರಾಗಿ ನಾವು ಒಪ್ಪುತ್ತೇವೆ. ನಡುರಾತ್ರಿ ಎಚ್ಚರವಾದಾಗ ಉಸಿರು ಬಿಡುವುದನ್ನು ನಿಧಾನಿಸಿ ಷಡಕ್ಷರಿಯನ್ನು ನೆನೆಯುವುದೂ ಒಳ್ಳೆಯದೇ. ನಿದ್ರೆ ಬರಲೆಂದು ಮಾತ್ರ ಜಪಿಸಬೇಡಿರಿ. "ನೂರೆಂಟು ಆಯಿತು, ಇನ್ನೂ ಬರಲಿಲ್ಲ" ಎಂದು ಎಣಿಸುವವರಿಗೆ ಜಪವೂ ಪರೀಕ್ಷೆಯಾಗುತ್ತದೆ. ಬಂದರೆ ಬರಲಿ, ಬಾರದಿದ್ದರೆ ಕತ್ತಲಲ್ಲಿ ಸುಮ್ಮನೆ ಒರಗಿರುವುದೂ ವಿಶ್ರಾಂತಿಯೇ. ಆರೋಗ್ಯವಂತರೂ ರಾತ್ರಿ ಹಲವು ಸಲ ಅರೆ ಎಚ್ಚರವಾಗುತ್ತಾರೆ, ಬೆಳಿಗ್ಗೆ ನೆನಪಿರುವುದಿಲ್ಲ, ಅಷ್ಟೇ.

ಏಳು ದಿನದ ಪುಸ್ತಕದಲ್ಲಿ ಯಾವ ಕಾರಣವೂ ಕಾಣದೆ ಹೋಗುವುದುಂಟು. ನೋವಿಲ್ಲ, ಉಸಿರು ಸರಿಯಿದೆ, ಮಾತ್ರೆ ಹೊತ್ತಿಗೆ ಸರಿಯಾಗಿದೆ, ಆದರೂ ಕಣ್ಣು ಮುಚ್ಚುವುದಿಲ್ಲ. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಹಿರಿಯ ತಾಯಿಯೊಬ್ಬರು, ಮಗ ಹೊರಗೆ ವಾಹನ ನಿಲ್ಲಿಸಲು ಹೋದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದರು: "ನಿದ್ದೆ ಬರತದೆ ಡಾಕ್ಟ್ರೇ. ನಾನೇ ಬಿಡಾಕಿಲ್ಲ. ಮುಚ್ಚಿದ ಕಣ್ಣು ತೆರೀದೆ ಹೋದ್ರೆ?" ಮನೆಯಲ್ಲಿ ಹೇಳಿದ್ದೀರಾ ತಾಯಿ ಎಂದು ಕೇಳಿದೆವು. "ಬಾಯಿ ತೆಗೆದ್ರೆ, ಬಿಡ್ತು ಅನ್ನವ್ವ, ಅಂತಾರೆ" ಎಂದರು. ಮರಣವನ್ನು ಲಿಂಗೈಕ್ಯವೆಂದು ಕರೆಯುವ ಪರಂಪರೆ ನಮ್ಮದು. ಆದರೂ ಮನೆಯೊಳಗೆ ಕಾಯಿಲೆಯವರು ಆ ಮಾತೆತ್ತಿದರೆ ಬಾಯಿ ಮುಚ್ಚಿಸುತ್ತೇವೆ. ಹಗಲು ಆಡಗೊಡದ ಮಾತು ರಾತ್ರಿ ಬಂದು ಹಾಸಿಗೆಯ ಪಕ್ಕ ಕೂರುತ್ತದೆ. ಮಗನನ್ನು ಕೂರಿಸಿಕೊಂಡು, ಅವ್ವನನ್ನು ಒಂದು ಮಧ್ಯಾಹ್ನ ಪೂರ್ತಿ ಮಾತಾಡಲು ಬಿಡಿ, ತಡೆಯಬೇಡಿ ಎಂದೆವು. ಓಲೆ ಯಾವ ಮೊಮ್ಮಗಳಿಗೆ, ತೋಟದಲ್ಲಿ ತಮ್ಮನ್ನು ಯಾವ ಕಡೆ ಇಡಬೇಕು, ಯಾರಿಗೆ ಕೊಡಬೇಕಾದ ಎಷ್ಟು ಹಣ ಬಾಕಿ ಎಂಬುದನ್ನೆಲ್ಲ ಅವರು ಹೇಳಿ ಮುಗಿಸಿದರಂತೆ. ಆಮೇಲೆ ರಾತ್ರಿಯಿಡೀ ನಿದ್ರೆ ಬಂತೆಂದು ಬರೆದರೆ ಸುಳ್ಳಾದೀತು. ನಾಲ್ಕು ಗಂಟೆ ಮಲಗುತ್ತಿದ್ದರು. ಮೊದಲು ಅದೂ ಇರಲಿಲ್ಲ. ಮನೆಯವರೊಡನೆ ಆಡಲಾಗದ ಮಾತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ. ಚಿಂತೆ, ಖಿನ್ನತೆ ಮೀರಿದಾಗ ಮನೋವೈದ್ಯರ ಔಷಧವನ್ನೂ ಬೇಡವೆನ್ನಬಾರದು.

ರೋಗಿಯ ಪಕ್ಕದಲ್ಲಿ ಚಾಪೆ ಹಾಸಿ ಮಲಗುವವರನ್ನು ಮರೆಯುವಂತಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ ಅಥವಾ ಸೊಸೆ. ಆರು ತಿಂಗಳು ಕೆಮ್ಮಿನ ಸದ್ದಿಗೂ ಎದ್ದು ಕೂತವರಿಗೆ ರೋಗಿ ಮಲಗಿದ ಮೇಲೂ ನಿದ್ರೆ ಹತ್ತುವುದಿಲ್ಲ. ರಕ್ತದೊತ್ತಡ ಏರುತ್ತದೆ, ಸಿಡುಕು ಬರುತ್ತದೆ, ಸಿಡುಕಿದ್ದಕ್ಕೆ ಅಳುತ್ತಾರೆ. ಅವರು ನಮ್ಮ ಮುಂದೆ ತಮ್ಮ ಮಾತೆತ್ತುವುದಿಲ್ಲ, ನಾವೇ ಕೇಳಬೇಕು. ವಾರದಲ್ಲಿ ಎರಡು ರಾತ್ರಿಯಾದರೂ ಬೇರೊಬ್ಬರು ಆ ಚಾಪೆಯ ಮೇಲೆ ಮಲಗುವಂತೆ ಮನೆಯವರೆಲ್ಲ ಕೂತು ಸರದಿ ಮಾಡಿಕೊಳ್ಳಿರಿ. ಊರಲ್ಲಿರುವ ಮಕ್ಕಳು ಹಣ್ಣಿನ ಚೀಲ ಹಿಡಿದು ಭಾನುವಾರ ಬಂದು ಹೋಗುವುದಕ್ಕಿಂತ ಶನಿವಾರ ರಾತ್ರಿ ಬಂದು ಮಲಗುವುದು ಉಪಕಾರ. ಹೊಸದಾಗಿ ಮಲಗುವವರಿಗಾಗಿ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿರಿ: ರಾತ್ರಿ ಎಷ್ಟು ಹೊತ್ತಿಗೆ ಯಾವ ಮಾತ್ರೆ, ನೋವು ಹೆಚ್ಚಾದರೆ ಏನು ಕೊಡಬೇಕು, ಎಷ್ಟು ದಿಂಬು, ಆಸ್ಪತ್ರೆಯ ದೂರವಾಣಿ ಸಂಖ್ಯೆ. ರೋಗಿಯ ಕೈಗೆಟುಕುವಲ್ಲಿ ಒಂದು ಸಣ್ಣ ಗಂಟೆಯನ್ನಿಡಿರಿ. ಗಂಟೆ ಇದೆಯೆಂದು ತಿಳಿದರೆ ದಿನವೂ ಕಾಯುವವರು ಆ ಎರಡು ರಾತ್ರಿ ಪಕ್ಕದ ಕೋಣೆಗೆ ಹೋಗಿ ಮಲಗಲು ಒಪ್ಪುತ್ತಾರೆ.